40 ದಾಟಿದ ಮೇಲೆ ತೂಕ ಮತ್ತು ಶಕ್ತಿ: ಹೆಂಗಸರಿಗೆ ಹಂತ ಹಂತದ ಮಾರ್ಗದರ್ಶಿ

ತೂಕದ ಮೆಷಿನ್ ಹೋದ ವರ್ಷದ ಅಂಕಿಯನ್ನೇ ತೋರಿಸುತ್ತಿದೆ. ಊಟವೂ ಮೊದಲಿನಷ್ಟೇ. ಆದರೂ ಸೊಂಟದ ಹತ್ತಿರ ಬಟ್ಟೆ ಬಿಗಿಯಾಗಿದೆ. ಮೆಟ್ಟಿಲು ಹತ್ತುವಾಗ ಕೈ ತಾನಾಗಿಯೇ ಕಂಬಿ ಹುಡುಕುತ್ತದೆ. 40 ದಾಟಿದ ಹೆಂಗಸರು ಹೇಳಿಕೊಳ್ಳುವುದು ಇದನ್ನೇ ಅಲ್ವಾ?

ಹೀಗಾದಾಗ ಹೆಚ್ಚಿನವರು ಮೊದಲು ಕೈ ಹಾಕುವುದು ಊಟಕ್ಕೆ. ಒಂದು ಹೊತ್ತು ಬಿಡುತ್ತಾರೆ, ತಟ್ಟೆಯಲ್ಲಿ ಅರ್ಧ ಕಡಿಮೆ ಮಾಡುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಮೊದಲು ಸ್ನಾಯು ಉಳಿಸಿಕೊಳ್ಳಬೇಕು, ಸಾಧ್ಯವಾದರೆ ಬೆಳೆಸಬೇಕು. ತೂಕ ಇಳಿಸುವ ಮಾತು ಆಮೇಲೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ. ದಯವಿಟ್ಟು ನೇರವಾಗಿ ಊಟದ ಹಂತಕ್ಕೆ ಹಾರಬೇಡಿ.

ಮೊದಲು, ಒಳಗೆ ಏನಾಗುತ್ತಿದೆ?

30 ದಾಟಿದ ಮೇಲೆ ಪ್ರತಿ 10 ವರ್ಷಕ್ಕೆ ಸುಮಾರು 3ರಿಂದ 8% ಸ್ನಾಯು ಕರಗುತ್ತದೆ. 60ರ ನಂತರ ಈ ವೇಗ ಇನ್ನೂ ಜಾಸ್ತಿ. ಇದು ಗಂಡಸರಿಗೂ ಆಗುತ್ತದೆ. ನಮಗೆ ಇದರ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ 45ರಿಂದ 55ರ ಒಳಗೆ ಮುಟ್ಟು ನಿಲ್ಲುತ್ತದೆ, ಈಸ್ಟ್ರೊಜೆನ್ ಎಂಬ ಹಾರ್ಮೋನ್ ಇಳಿಯುತ್ತದೆ. ಅಲ್ಲಿಯವರೆಗೆ ತೊಡೆ, ಪೃಷ್ಠದಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆ ಬರುತ್ತದೆ. ಅದರಲ್ಲೂ ಕರುಳು, ಲಿವರ್ ಸುತ್ತ ಕೂರುವ ಒಳಕೊಬ್ಬು ಹೆಚ್ಚುತ್ತದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಜೊತೆ ನಂಟಿರುವುದು ಈ ಒಳಕೊಬ್ಬಿಗೇ.

ಅಮೆರಿಕದಲ್ಲಿ ನಡೆದ ‘ಸ್ವಾನ್’ ಎಂಬ ಅಧ್ಯಯನ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಕೊನೆಯ ಮುಟ್ಟಿಗೆ ಸುಮಾರು 2 ವರ್ಷ ಮೊದಲೇ ಕೊಬ್ಬು ಸೇರುವ ವೇಗ ಎರಡು ಪಟ್ಟಾಗುತ್ತದೆ, ಅದೇ ಹೊತ್ತಿಗೆ ಸ್ನಾಯು ಇಳಿಯಲು ಶುರುವಾಗುತ್ತದೆ ಎಂಬುದು ಅದರಲ್ಲಿ ಕಂಡಿತು. ಮುಟ್ಟು ನಿಂತು 2 ವರ್ಷ ಆಗುವವರೆಗೂ ಇದು ನಡೆಯುತ್ತದೆ. ಒಂದು ಕಡೆ ಕೊಬ್ಬು ಏರಿ, ಇನ್ನೊಂದು ಕಡೆ ಸ್ನಾಯು ಇಳಿದರೆ ತೂಕದ ಮೆಷಿನ್‌ಗೆ ಏನೂ ಗೊತ್ತಾಗುವುದಿಲ್ಲ. ಬಟ್ಟೆಗೆ ಮಾತ್ರ ಗೊತ್ತಾಗುತ್ತದೆ.

‘ವಯಸ್ಸಾಯ್ತು, ಮೆಟಬಾಲಿಸಂ ನಿಂತುಹೋಗಿದೆ’ ಅನ್ನುವ ಮಾತು ಮಾತ್ರ ಪೂರ್ತಿ ನಿಜ ಅಲ್ಲ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯಲ್ಲಿ 8 ದಿನದ ಮಗುವಿನಿಂದ 95 ವರ್ಷದವರವರೆಗೆ 6,400ಕ್ಕೂ ಹೆಚ್ಚು ಜನರ ಲೆಕ್ಕ ತೆಗೆದುಕೊಂಡಿದ್ದರು. ದೇಹದ ಗಾತ್ರ, ಸ್ನಾಯುವಿನ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ದೇಹ ಸುಡುವ ಶಕ್ತಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. 60ರ ನಂತರ ವರ್ಷಕ್ಕೆ ಸುಮಾರು 0.7% ಇಳಿಯುತ್ತದೆ. ಅಂದರೆ ನಡುವಯಸ್ಸಿನಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಸ್ನಾಯು, ಓಡಾಟ ಮತ್ತು ನಿದ್ದೆ. ಮೂರನ್ನೂ ಬಹುಮಟ್ಟಿಗೆ ವಾಪಸ್ ಪಡೆಯಬಹುದು.

ಹಂತ 1: ಅಳೆಯಿರಿ, ಆದರೆ ತೂಕ ಒಂದನ್ನೇ ಅಲ್ಲ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಇವತ್ತಿನ ದಿನಾಂಕ ಹಾಕಿ ಮೂರು ವಿಷಯ ಬರೆದಿಡಿ.

ಒಂದು, ಹೊಟ್ಟೆಯ ಸುತ್ತಳತೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ಮಧ್ಯೆ ಟೇಪ್ ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟು ಅಳೆಯಿರಿ. ಈ ಅಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಎತ್ತರ 156 ಸೆಂ.ಮೀ. ಇದ್ದರೆ ಹೊಟ್ಟೆಯ ಸುತ್ತಳತೆ 78ರ ಒಳಗೆ. ಮೀರಿದ್ದರೆ ಗಾಬರಿ ಬೇಡ, ಆ ಅಂಕಿಯನ್ನೂ ಬರೆದಿಡಿ.

ಎರಡು, ಕುರ್ಚಿ ಪರೀಕ್ಷೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. 60ರಿಂದ 64ರ ಹೆಂಗಸರಿಗೆ 12ಕ್ಕಿಂತ ಕಡಿಮೆ, 65ರಿಂದ 69ಕ್ಕೆ 11ಕ್ಕಿಂತ ಕಡಿಮೆ, 70ರಿಂದ 79ಕ್ಕೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. 45ರಲ್ಲೇ 12 ದಾಟಲು ಕಷ್ಟವಾದರೆ ಈಗಲೇ ಎಚ್ಚೆತ್ತುಕೊಳ್ಳುವುದು ಒಳ್ಳೆಯದು.

ಮೂರು, ಒಂಟಿ ಕಾಲು. ಗೋಡೆಯ ಪಕ್ಕ ನಿಂತು ಒಂದು ಕಾಲು ಎತ್ತಿ. 10 ಸೆಕೆಂಡು ಅಲುಗಾಡದೆ ನಿಲ್ಲಲಾಯಿತೇ? ಎರಡೂ ಕಾಲಿನದ್ದು ಬೇರೆಬೇರೆ ಬರೆಯಿರಿ.

ತೂಕವನ್ನೂ ಬರೆದಿಡಿ. ಆದರೆ ಅದನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ದೇಹದ ನೀರಿನ ಏರಿಳಿತದಿಂದಲೇ ಒಂದೆರಡು ದಿನದಲ್ಲಿ ಒಂದು ಕೆಜಿ ಆಚೀಚೆ ಆಗುತ್ತದೆ. ಅದಕ್ಕೆ ಬೇಜಾರು ಮಾಡಿಕೊಂಡು ಬಿಟ್ಟುಬಿಡುವವರೇ ಜಾಸ್ತಿ.

ಹಂತ 2: ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ

ಎಲ್ಲರಿಗೂ ದೊಡ್ಡ ತಪಾಸಣೆ ಬೇಕಿಲ್ಲ. ಆದರೆ ಎದೆನೋವು, ಸ್ವಲ್ಪ ನಡೆದರೂ ಏದುಸಿರು, ತಲೆಸುತ್ತು, ಹತೋಟಿಗೆ ಬಾರದ ಬಿಪಿ ಇದ್ದರೆ ಮೊದಲು ತೋರಿಸಿಕೊಳ್ಳಿ. ಸಣ್ಣದಾಗಿ ಬಿದ್ದು ಮೂಳೆ ಮುರಿದಿದ್ದರೂ ಅಷ್ಟೇ. ಮುಟ್ಟು ನಿಂತು 12 ತಿಂಗಳಾದ ಮೇಲೆ ಮತ್ತೆ ರಕ್ತ ಕಂಡರೆ ಅದು ಕಾಯುವ ವಿಷಯವೇ ಅಲ್ಲ, ತಕ್ಷಣ ಹೋಗಬೇಕು. ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿಯುತ್ತಿದ್ದರೂ ಖುಷಿಪಡದೆ ತೋರಿಸಿ.

ಸುಸ್ತು, ತೂಕ ಏರಿಕೆ ಎರಡೂ ಇದ್ದರೆ ಥೈರಾಯ್ಡ್, ಹಿಮೋಗ್ಲೋಬಿನ್, ರಕ್ತದ ಸಕ್ಕರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಸ್ಟೀರಾಯ್ಡ್, ಖಿನ್ನತೆಯ ಕೆಲವು ಔಷಧಿ, ಇನ್ಸುಲಿನ್ ಇವೆಲ್ಲ ತೂಕ ಏರಿಸಬಲ್ಲವು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಇನ್ನೊಂದು ಎಚ್ಚರಿಕೆ: ಊಟ ಕಡಿಮೆ ಮಾಡಿ ವ್ಯಾಯಾಮ ಹೆಚ್ಚಿಸಿದಾಗ ಸಕ್ಕರೆ ಅತಿಯಾಗಿ ಕೆಳಗಿಳಿಯಬಹುದು. ಶುರು ಮಾಡುವ ಮೊದಲೇ ಡೋಸ್ ಬಗ್ಗೆ ಕೇಳಿ.

ಹಂತ 3: ಭಾರ ಎತ್ತುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ನಡಿಗೆ ಬಹಳ ಒಳ್ಳೆಯದು. ಆದರೆ ನಡಿಗೆಯಿಂದ ಕರಗಿದ ಸ್ನಾಯು ವಾಪಸ್ ಬರುವುದಿಲ್ಲ. ತೋಳು, ಬೆನ್ನು, ಭುಜಕ್ಕೆ ಅದರಿಂದ ಏನೂ ಸಿಗುವುದಿಲ್ಲ.

‘ಈ ವಯಸ್ಸಿನಲ್ಲಿ ಭಾರ ಎತ್ತೋದಾ?’ ಅನ್ನುವವರಿಗಾಗಿ ಒಂದು ಸಂಗತಿ. 1990ರಲ್ಲಿ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ 90 ವರ್ಷದ ಆಸುಪಾಸಿನವರಿಗೆ 8 ವಾರ ಭಾರ ಎತ್ತುವ ತರಬೇತಿ ಕೊಟ್ಟರು. ಅವರ ಕಾಲಿನ ಶಕ್ತಿ ಸರಾಸರಿ 174% ಹೆಚ್ಚಿತು. 90ರಲ್ಲೂ ಸ್ನಾಯು ಕರೆದರೆ ಓಗೊಡುತ್ತದೆ ಅಂದಮೇಲೆ 50 ಯಾವ ಲೆಕ್ಕ?

‘ಗಂಡಸರ ಹಾಗೆ ದಪ್ಪ ತೋಳು ಬಂದುಬಿಟ್ಟರೆ?’ ಎಂಬ ಭಯವೂ ಬೇಡ. ಅಷ್ಟು ಸ್ನಾಯು ಬೆಳೆಸಲು ವರ್ಷಗಟ್ಟಲೆ ಕಠಿಣ ತರಬೇತಿ ಬೇಕು. ನಮ್ಮ ಕಷ್ಟ ಇರುವುದೇ ಇನ್ನೊಂದು ದಿಕ್ಕಿನಲ್ಲಿ.

ವಾರಕ್ಕೆ 2 ದಿನದಿಂದ ಶುರು ಮಾಡಿ, ನಡುವೆ ಕನಿಷ್ಠ ಒಂದು ದಿನ ಬಿಡುವು ಇರಲಿ. 5 ನಿಮಿಷ ಇದ್ದಲ್ಲೇ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಈ ಆರು.

*ಕುರ್ಚಿಯಿಂದ ಏಳುವುದು.* ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ಸರಿಯಾದರೆ ಅರ್ಧ ಕೆಲಸ ಆದಂತೆ. ಕುರ್ಚಿಯ ಮುಂಭಾಗಕ್ಕೆ ಜರುಗಿ ಕೂತುಕೊಳ್ಳಿ. ಪಾದಗಳು ಸೊಂಟದಷ್ಟು ಅಗಲಕ್ಕೆ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಬೆನ್ನು ನೇರ ಇಟ್ಟುಕೊಂಡೇ ಎದೆಯನ್ನು ಮುಂದಕ್ಕೆ ತನ್ನಿ, ಮೂಗು ಪಾದದ ಬೆರಳುಗಳ ಮೇಲೆ ಬರುವಷ್ಟು. ಈಗ ಇಡೀ ಪಾದದಿಂದ ನೆಲವನ್ನು ಒತ್ತಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ಮಂಡಿಗಳು ಒಳಕ್ಕೆ ವಾಲುತ್ತಿವೆಯೇ ಎಂದು ಕೆಳಗೆ ನೋಡಿಕೊಳ್ಳಿ. ವಾಲಿದರೆ ಕಿರುಬೆರಳಿನ ದಿಕ್ಕಿಗೆ ತಳ್ಳಿ. ಕೂರುವಾಗ ಧಡಕ್ಕನೆ ಬೀಳಬೇಡಿ, ಮನಸ್ಸಿನಲ್ಲೇ ಮೂರು ಎಣಿಸುತ್ತಾ ಇಳಿಯಿರಿ. ಸ್ನಾಯುವಿಗೆ ಈ ನಿಧಾನದ ಇಳಿತದಲ್ಲೂ ಒಳ್ಳೆಯ ಕೆಲಸ ಸಿಗುತ್ತದೆ. ಸರಿಯಾಗಿ ಮಾಡಿದರೆ ಏಳನೆಯದೋ ಎಂಟನೆಯದೋ ಬರುವಷ್ಟರಲ್ಲಿ ತೊಡೆಯ ಮುಂಭಾಗ ಮತ್ತು ಪೃಷ್ಠ ಬೆಚ್ಚಗಾಗುತ್ತವೆ. ಬರೀ ಮಂಡಿಯಲ್ಲಿ ನೋವು ಬಂದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಕೈ ಊರದೆ ಏಳಲಾಗದಿದ್ದರೆ ಕೈ ಊರಿಯೇ ಶುರು ಮಾಡಿ. ಸುಲಭವಾದ ಮೇಲೆ ಎದೆಗೆ ಒಂದು ಭಾರದ ಚೀಲ ಅವಚಿಕೊಳ್ಳಿ.

*ಗೋಡೆ ತಳ್ಳುವುದು.* ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು ಅಂಗೈ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ವಾಪಸ್ ತಳ್ಳಿ. ಹಗುರ ಅನ್ನಿಸಿದಾಗ ಗಟ್ಟಿ ಮೇಜಿನ ಅಂಚಿಗೆ ಬನ್ನಿ, ಆಮೇಲೆ ಇನ್ನೂ ಕೆಳಗೆ.

*ಎಳೆಯುವುದು.* ಒಂದು ಕೈ ಮೇಜಿಗೆ ಊರಿ, ಬೆನ್ನು ನೇರವಾಗಿಯೇ ಇಟ್ಟು ಸೊಂಟದಿಂದ ಬಾಗಿ. ಇನ್ನೊಂದು ಕೈಯಲ್ಲಿ ಚೀಲ ಅಥವಾ ಡಂಬೆಲ್ ಹಿಡಿದು ಮೊಣಕೈಯನ್ನು ಪಕ್ಕೆಯ ಉದ್ದಕ್ಕೂ ಹಿಂದಕ್ಕೆ ಎಳೆಯಿರಿ. ದಿನವಿಡೀ ಮುಂದಕ್ಕೆ ಬಗ್ಗಿ ಕೆಲಸ ಮಾಡುವವರಿಗೆ ಇದು ತುಂಬಾ ಬೇಕು.

*ಸೊಂಟದಿಂದ ಬಾಗಿ ಎತ್ತುವುದು.* ನೆಲದ ಮೇಲಿನ ಬಕೆಟ್ ಎತ್ತುವ ಸರಿಯಾದ ವಿಧಾನವೇ ಇದು. ಮಂಡಿ ಸ್ವಲ್ಪ ಸಡಿಲ ಬಿಟ್ಟು, ಹಿಂದೆ ಇರುವ ಬಾಗಿಲನ್ನು ಪೃಷ್ಠದಿಂದ ಮುಚ್ಚುವವರ ಹಾಗೆ ಸೊಂಟವನ್ನು ಹಿಂದಕ್ಕೆ ತಳ್ಳಿ. ಬೆನ್ನು ಗೂನಾಗಬಾರದು. ಭಾರ ಕಾಲಿಗೆ ಹತ್ತಿರವೇ ಇರಲಿ. ತೊಡೆಯ ಹಿಂಭಾಗ ಎಳೆದಂತಾದರೆ ಸರಿಯಾಗಿದೆ ಎಂದು ಅರ್ಥ.

*ಹಿಮ್ಮಡಿ ಎತ್ತುವುದು.* ಅಡುಗೆಮನೆಯ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ನಿಧಾನ ಇಳಿಯಿರಿ.

*ಭಾರ ಹಿಡಿದು ನಡೆಯುವುದು.* ಎರಡೂ ಕೈಯಲ್ಲಿ ಸಮನಾದ ಚೀಲ ಹಿಡಿದು, ಭುಜ ಇಳಿಬಿಟ್ಟು, ನೇರವಾಗಿ 30ರಿಂದ 40 ಸೆಕೆಂಡು ನಡೆಯಿರಿ. ಹಿಡಿತ, ಬೆನ್ನು, ಹೊಟ್ಟೆ ಎಲ್ಲಕ್ಕೂ ಕೆಲಸ ಸಿಗುತ್ತದೆ.

ಮೊದಲ ಐದನ್ನು 8ರಿಂದ 12 ಸಲ ಮಾಡಿ. ಮೊದಲ ಎರಡು ವಾರ ಒಂದೇ ಸುತ್ತು ಸಾಕು. ಆಮೇಲೆ ಎರಡು, ಎರಡನೇ ತಿಂಗಳಿಂದ ಮೂರು. ಸುತ್ತುಗಳ ನಡುವೆ ಒಂದೆರಡು ನಿಮಿಷ ಕೂತು ಸುಧಾರಿಸಿಕೊಳ್ಳಿ. ಉಸಿರು ಮಾತ್ರ ಎಂದೂ ಬಿಗಿಹಿಡಿಯಬೇಡಿ, ಬಿಪಿ ಒಮ್ಮೆಲೇ ಏರುತ್ತದೆ.

ಎಷ್ಟು ಭಾರ? ‘ಇನ್ನೊಂದೆರಡು ಸಲ ಮಾಡಬಹುದು, ಅದಕ್ಕಿಂತ ಹೆಚ್ಚು ಆಗಲ್ಲ’ ಎನ್ನುವಲ್ಲಿ ಸುತ್ತು ಮುಗಿಯಬೇಕು. 12 ಆದಮೇಲೂ ಆರಾಮಾಗಿ ಮಾತಾಡಿಕೊಂಡು ಮುಂದುವರಿಸಬಹುದು ಅಂದರೆ ಭಾರ ಸಾಲದು. ಹೆಂಗಸರು ಇಲ್ಲೇ ಎಡವುವುದು. ಒಂದು ಕೆಜಿಯ ಗುಲಾಬಿ ಬಣ್ಣದ ಡಂಬೆಲ್ ಹಿಡಿದು ವರ್ಷಗಟ್ಟಲೆ ಅದರಲ್ಲೇ ಇದ್ದುಬಿಡುತ್ತಾರೆ. ಅಂಗಡಿಯಿಂದ ತರುವ ಸಾಮಾನಿನ ಚೀಲ, ಎತ್ತಿಕೊಳ್ಳುವ ಮಗು ಅದಕ್ಕಿಂತ ಎಷ್ಟೋ ಪಟ್ಟು ಭಾರ. ಸತತ ಎರಡು ದಿನದ ವ್ಯಾಯಾಮದಲ್ಲೂ 12 ಸಲ ಸಲೀಸಾಗಿ ಆಯಿತು ಅಂದರೆ ಮುಂದಿನ ಸಲ ಭಾರ ಸ್ವಲ್ಪ ಏರಿಸಿ. ಆ ಅಂಕಿಯನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಏರುತ್ತಾ ಹೋಗಬೇಕಾದ ಅಂಕಿ ಇದು.

ಮಂಡಿ ನೋವಿರುವವರು ಕೇಳಿಯೇ ಕೇಳುತ್ತಾರೆ. ಮಂಡಿ ಸವೆತಕ್ಕೆ ತೊಡೆಯ ಸ್ನಾಯು ಗಟ್ಟಿ ಮಾಡುವುದೇ ಚಿಕಿತ್ಸೆಯ ಒಂದು ಭಾಗ. ಮಾಡುವಾಗ ಅಲ್ಪಸ್ವಲ್ಪ ನೋವಿದ್ದು ಮರುದಿನದೊಳಗೆ ಇಳಿದರೆ ಪರವಾಗಿಲ್ಲ. ರಾತ್ರಿಗೆ ಜಾಸ್ತಿಯಾದರೆ, ಮಂಡಿ ಊದಿಕೊಂಡರೆ ಭಾರವನ್ನೂ ಆಳವನ್ನೂ ಕಡಿಮೆ ಮಾಡಿ. ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿ ತಿದ್ದಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಹಂತ 4: ನಡಿಗೆ, ಆದರೆ 10,000ದ ಹಿಂದೆ ಬೀಳಬೇಡಿ

10,000 ಹೆಜ್ಜೆ ಎಂಬ ಅಂಕಿ ವೈದ್ಯಕೀಯದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ‘ಮಾನ್ಪೊ-ಕೆಯ್’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಅಲ್ಲಿಂದ ಅದು ಎಲ್ಲ ಕಡೆ ಹಬ್ಬಿತು. 2019ರಲ್ಲಿ ಸರಾಸರಿ 72 ವಯಸ್ಸಿನ 16,741 ಹೆಂಗಸರನ್ನು ಗಮನಿಸಿದ ಅಧ್ಯಯನ ಬಂತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ ಸುಮಾರು 4,400 ಇಡುವವರಲ್ಲಿ ಸಾವಿನ ಪ್ರಮಾಣ 41% ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚಿತು, 7,500ರ ಹತ್ತಿರ ಅದು ಸಮವಾಯಿತು.

ಹಾಗಾಗಿ ಈಗ ಎಷ್ಟು ನಡೆಯುತ್ತಿದ್ದೀರೋ ಅದಕ್ಕೆ 1,000 ಸೇರಿಸಿ. ಎರಡು ವಾರ ಬಿಟ್ಟು ಇನ್ನೊಂದು 1,000. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ವಾರಕ್ಕೆ 2 ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಮಧ್ಯಮ ಅಂದರೆ ಮಾತಾಡಬಹುದು, ಹಾಡಲು ಆಗಬಾರದು. ಸುಮ್ನೆ ಕಾಲೆಳೆದುಕೊಂಡು ಸುತ್ತುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಮನೆಯೊಳಗೆ ದಿನವಿಡೀ ಓಡಾಡುತ್ತೇನೆ ಅನ್ನುವವರು ಫೋನ್ ಜೇಬಲ್ಲಿಟ್ಟು ಒಂದು ದಿನ ಎಣಿಸಿ ನೋಡಲಿ. ಕೆಲವರಿಗೆ ಆಶ್ಚರ್ಯವಾಗುವಷ್ಟು ಜಾಸ್ತಿ ಬರುತ್ತದೆ, ಕೆಲವರಿಗೆ ಕಡಿಮೆ. ಎರಡೂ ತಿಳಿದಿರಬೇಕು.

ಊಟವಾದ ಮೇಲೆ 10 ನಿಮಿಷದ ನಡಿಗೆ ಒಂದನ್ನು ಮಾತ್ರ ಬಿಡಬೇಡಿ. ರಕ್ತದ ಸಕ್ಕರೆ ಮೇಲೇರುವುದನ್ನು ತಗ್ಗಿಸಲು ಅಷ್ಟೇ ಸಾಕು.

ಹಂತ 5: ಕಡಿಮೆ ಮಾಡುವ ಮೊದಲು ಸೇರಿಸಿ

ತಟ್ಟೆಯಿಂದ ಏನು ತೆಗೆಯಬೇಕು ಎಂದು ಕೇಳುವ ಮೊದಲು ಅದರಲ್ಲಿ ಏನಿಲ್ಲ ಎಂದು ನೋಡಿ. ಹೆಚ್ಚಿನವರಲ್ಲಿ ಕಡಿಮೆ ಇರುವುದು ಪ್ರೋಟೀನ್. ವಯಸ್ಕರಿಗೆ ಕನಿಷ್ಠ ಎಂದು ಹೇಳುವ ಪ್ರಮಾಣ ಕೆಜಿ ತೂಕಕ್ಕೆ 0.8 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಎಂದು 2013ರಲ್ಲಿ ತಜ್ಞರ ತಂಡವೊಂದು ಶಿಫಾರಸು ಮಾಡಿತು. ವಯಸ್ಸಾದ ಸ್ನಾಯುವಿಗೆ ಅಷ್ಟೇ ಕೆಲಸಕ್ಕೆ ಹೆಚ್ಚು ಪ್ರೋಟೀನ್ ಬೇಕಾಗುತ್ತದೆ ಎಂಬುದು ಕಾರಣ. 50ರಲ್ಲೇ ಈ ಲೆಕ್ಕ ಹಿಡಿದರೂ ತಪ್ಪಿಲ್ಲ. 60 ಕೆಜಿ ಇರುವವರಿಗೆ ದಿನಕ್ಕೆ 60ರಿಂದ 72 ಗ್ರಾಂ ಆಯಿತು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.

ಅಂದಾಜಿಗೆ: ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಲೋಟ ಹಾಲಿನಲ್ಲಿ 6ರಿಂದ 7. ಒಂದು ಹಿಡಿ ಕಡಲೆಬೀಜದಲ್ಲಿ 7. ಬೇಯಿಸಿದ ಗಟ್ಟಿ ಬೇಳೆಕಾಳು ಒಂದು ಬಟ್ಟಲಿಗೆ 15ರ ಆಸುಪಾಸು. 100 ಗ್ರಾಂ ಮೀನಿನಲ್ಲಿ 20, ಅಷ್ಟೇ ಬೇಯಿಸಿದ ಕೋಳಿಯಲ್ಲಿ 27ಕ್ಕೂ ಹೆಚ್ಚು. ಬೇಳೆಯ ತಿಳಿ ನೀರನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯಬೇಡಿ. ಪ್ರೋಟೀನ್ ಇರುವುದು ತಳದಲ್ಲಿರುವ ಕಾಳಿನಲ್ಲಿ.

ಇದನ್ನು ಮೂರು ಹೊತ್ತಿಗೂ ಹಂಚಿಕೊಳ್ಳಿ, ಹೊತ್ತಿಗೆ 20ರಿಂದ 25 ಗ್ರಾಂ. ಬೆಳಗಿನ ತಿಂಡಿಯಲ್ಲೇ ಹೆಚ್ಚಿನವರಿಗೆ ಕೊರತೆ ಬೀಳುವುದು. ಅಲ್ಲಿಂದಲೇ ಸರಿಪಡಿಸಲು ಶುರು ಮಾಡಿ. ಇನ್ನೊಂದು ಮಾತು: ವ್ಯಾಯಾಮ ಇಲ್ಲದೆ ಬರೀ ಪ್ರೋಟೀನ್ ತಿಂದರೆ ಇಟ್ಟಿಗೆ ತರಿಸಿ ರಾಶಿ ಹಾಕಿ ಗಾರೆ ಕೆಲಸದವರನ್ನೇ ಕರೆಯದಿದ್ದ ಹಾಗೆ. ಹಂತ 3 ಬಿಟ್ಟು ಹಂತ 5ರಿಂದ ಏನೂ ಕಟ್ಟಲಾಗುವುದಿಲ್ಲ.

ಎರಡನೆಯದು ತರಕಾರಿ, ಹಣ್ಣು, ಇಡೀ ಧಾನ್ಯ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಪ್ರೋಟೀನ್, ಉಳಿದ ಕಾಲು ಭಾಗ ಧಾನ್ಯ ಅಥವಾ ಗೆಡ್ಡೆ. ಇದನ್ನು ತೂಗುವುದೂ ಬೇಡ, ಆಪ್‌ನಲ್ಲಿ ಬರೆಯುವುದೂ ಬೇಡ. ಮೂರನೆಯದು ಕ್ಯಾಲ್ಸಿಯಂ. 50 ದಾಟಿದ ಹೆಂಗಸರಿಗೆ ದಿನಕ್ಕೆ 1,200 ಮಿ.ಗ್ರಾಂ ಎಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಊಟದಿಂದ ಎಷ್ಟು ಸಿಗುತ್ತಿದೆ ಎಂದು ನೋಡದೆ ಮಾತ್ರೆ ನುಂಗುತ್ತಾ ಹೋಗಬೇಡಿ. ವಿಟಮಿನ್ ಡಿ ವಿಷಯದಲ್ಲೂ ಡಾಕ್ಟರ ಮಾತೇ ಇರಲಿ, ಅದು ಅತಿಯಾದರೂ ತೊಂದರೆ.

ಹಂತ 6: ಈಗ ತೂಕ ಇಳಿಸಿ, ಬೇಕಿದ್ದರೆ

ಹಂತ 3ರಿಂದ 5ರವರೆಗೆ ಆರೆಂಟು ವಾರ ಮಾಡಿದ ಮೇಲೆ ಮತ್ತೆ ಟೇಪ್ ಹಿಡಿಯಿರಿ. ಕೆಲವರಿಗೆ ಸೊಂಟ ಇಳಿದಿರುತ್ತದೆ, ತೂಕ ಅಷ್ಟೇ ಇರುತ್ತದೆ. ಹೊಟ್ಟೆಯ ಅಳತೆ ಎತ್ತರದ ಅರ್ಧದೊಳಗೆ ಬಂದು, ಸಕ್ಕರೆ, ಬಿಪಿ ಸರಿಯಿದ್ದರೆ ನೀವು ಇನ್ನೂ ಇಳಿಸಲೇಬೇಕು ಎಂದೇನಿಲ್ಲ. ಮದುವೆಯ ಕಾಲದ ತೂಕಕ್ಕೆ ಮರಳುವ ಆಸೆ ಬಿಟ್ಟುಬಿಡಿ ಎಂದು ಪ್ರೀತಿಯಿಂದಲೇ ಹೇಳುತ್ತೇನೆ. ಅದರ ಅಗತ್ಯ ದೇಹಕ್ಕಿಲ್ಲ. 70 ದಾಟಿದವರಿಗಂತೂ ಬೇಕಾಬಿಟ್ಟಿ ತೂಕ ಇಳಿಸುವುದು ಅಪಾಯ.

ಇಳಿಸಬೇಕಾದವರಿಗೆ ಗುರಿ ಈಗಿನ ತೂಕದ 5ರಿಂದ 7% ಇರಲಿ. 70 ಕೆಜಿ ಇದ್ದರೆ ಮೂರೂವರೆಯಿಂದ ಐದು ಕೆಜಿ. ಕಡಿಮೆ ಅನ್ನಿಸುತ್ತದೆ ಅಲ್ವಾ? ಆದರೆ 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿ 7% ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆ ಮಾತ್ರ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಲ್ಲಿ ಕಾಯಿಲೆ ಬರುವುದು 58% ಕಡಿಮೆಯಾಯಿತು. 60 ದಾಟಿದವರಲ್ಲಿ ಲಾಭ ಇನ್ನೂ ಹೆಚ್ಚು, 71%.

ವೇಗ ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ. ಅದಕ್ಕಿಂತ ಜೋರಾಗಿ ಓಡಿದರೆ ಸ್ನಾಯುವೂ ಜೊತೆಗೆ ಹೋಗುತ್ತದೆ. ಬರೀ ಪಥ್ಯದಿಂದ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಭಾಗವೇ ಇರುತ್ತದೆ. ಆಮೇಲೆ ತೂಕ ವಾಪಸ್ ಬಂದಾಗ ಬರುವುದು ಹೆಚ್ಚಾಗಿ ಕೊಬ್ಬು. ಪದೇ ಪದೇ ಪಥ್ಯ ಮಾಡಿ ಬಿಟ್ಟವರು ಒಂದೊಂದು ಸಲವೂ ಸ್ವಲ್ಪ ಸ್ವಲ್ಪ ದುರ್ಬಲರಾಗುವುದು ಹೀಗೆಯೇ. ಭಾರ ಎತ್ತುವುದನ್ನು ಮೊದಲೇ ಶುರು ಮಾಡಿ ಎಂದು ಇಷ್ಟು ಹಟ ಹಿಡಿದದ್ದು ಇದಕ್ಕೇ.

ಎಲ್ಲಿ ಕಡಿಮೆ ಮಾಡುವುದು? ಕುಡಿಯುವ ಸಕ್ಕರೆಯಿಂದ ಶುರು ಮಾಡಿ: ಟೀ, ಕಾಫಿ, ಜ್ಯೂಸ್, ತಂಪು ಪಾನೀಯ. ಆಮೇಲೆ ಕರಿದದ್ದು, ಪ್ಯಾಕೆಟ್ ತಿನಿಸು. ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ‘ಹಾಳಾಗುತ್ತಲ್ಲ’ ಎಂದು ಬಾಯಿಗೆ ಹಾಕಿಕೊಳ್ಳುವುದು, ಅಡುಗೆ ಮಾಡುತ್ತಾ ರುಚಿ ನೋಡುವುದು, ಇವು ಯಾವ ಲೆಕ್ಕಕ್ಕೂ ಸಿಗದೆ ಸೇರುತ್ತವೆ. ಮಿಕ್ಕಿದ್ದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಇಡಿ, ನಿಮ್ಮ ಹೊಟ್ಟೆಗೆ ಬೇಡ. ಮದ್ಯ ಕುಡಿಯುವವರಾದರೆ ಅದರಲ್ಲೂ ಗ್ರಾಂಗೆ 7 ಕ್ಯಾಲೊರಿ ಇದೆ, ನಿದ್ದೆಯನ್ನೂ ಅದು ಕೆಡಿಸುತ್ತದೆ.

ವ್ಯಾಯಾಮದಿಂದಲೇ ಸುಟ್ಟುಬಿಡುತ್ತೇನೆ ಎಂಬ ನಂಬಿಕೆ ಬೇಡ. ಅರ್ಧ ಗಂಟೆ ನಡೆದರೆ ಖರ್ಚಾಗುವುದು 100ರಿಂದ 150 ಕ್ಯಾಲೊರಿ. ನಾಲ್ಕು ಬಿಸ್ಕತ್ತಿಗೆ ಅದು ಮುಗಿಯಿತು.

ತೂಕ ಇಳಿಸುವ ಇಂಜೆಕ್ಷನ್‌ಗಳ ಬಗ್ಗೆಯೂ ಈಗ ಎಲ್ಲರೂ ಕೇಳುತ್ತಾರೆ. ಸೆಮಾಗ್ಲುಟೈಡ್‌ನಂಥ ಔಷಧಿಗಳು ಕೆಲಸ ಮಾಡುತ್ತವೆ, ಕೆಲವರಿಗೆ ಅವು ಬೇಕೇ ಬೇಕು. ಅದು ನೀವು ಮತ್ತು ನಿಮ್ಮ ಡಾಕ್ಟರು ಸೇರಿ ತೀರ್ಮಾನಿಸುವ ವಿಷಯ. ಅವುಗಳಿಂದ ಹಸಿವು ತೀರಾ ಇಳಿಯುವುದರಿಂದ ಪ್ರೋಟೀನ್ ಮತ್ತು ಭಾರ ಎತ್ತುವುದು ಇನ್ನೂ ಮುಖ್ಯ. ಹಾರ್ಮೋನ್ ಚಿಕಿತ್ಸೆ ಬೇರೆಯೇ ವಿಷಯ. ಅದು ಮೈ ಬಿಸಿಯೇರುವುದು, ರಾತ್ರಿ ಬೆವರುವುದು ಇವಕ್ಕೆ, ತೂಕ ಇಳಿಸುವುದಕ್ಕಲ್ಲ.

ಹಂತ 7: ಮೂಳೆ, ಸಮತೋಲನ, ಕೆಳಹೊಟ್ಟೆಯ ಸ್ನಾಯು

ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುತ್ತದೆ. ಮೂಳೆಗೂ ಭಾರ ಬೇಕು. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಲಿಫ್ಟ್‌ಮೋರ್’ ಪ್ರಯೋಗದಲ್ಲಿ ಮೂಳೆ ಸಾಂದ್ರತೆ ಕಡಿಮೆ ಇದ್ದ, ಸರಾಸರಿ 65ರ ಹೆಂಗಸರು ವಾರಕ್ಕೆ ಎರಡು ಸಲ, ಅರ್ಧ ಗಂಟೆ, ನಿಜವಾಗಿಯೂ ಭಾರವಾದದ್ದನ್ನೇ ಎತ್ತಿದರು. 8 ತಿಂಗಳಲ್ಲಿ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸುಮಾರು 3% ಏರಿತು. ಹಗುರ ವ್ಯಾಯಾಮ ಮಾಡಿದವರಲ್ಲಿ ಇಳಿಯಿತು. ಅಲ್ಲಿ ಪಕ್ಕದಲ್ಲೇ ತರಬೇತುದಾರರು ನಿಂತಿದ್ದರು ಎಂಬುದು ನೆನಪಿರಲಿ. ಅಷ್ಟು ಭಾರವನ್ನು ಮನೆಯಲ್ಲಿ ಒಬ್ಬರೇ ಪ್ರಯತ್ನಿಸಬೇಡಿ.

ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಅನ್ನು 65ಕ್ಕೆ ಮಾಡಿಸಿಕೊಳ್ಳುವುದು ವಾಡಿಕೆ. ಬೇಗ ಮುಟ್ಟು ನಿಂತವರು, ಸ್ಟೀರಾಯ್ಡ್ ತೆಗೆದುಕೊಂಡವರು, ತಾಯಿಗೆ ಸೊಂಟದ ಮೂಳೆ ಮುರಿದಿದ್ದವರು ಮೊದಲೇ ಕೇಳಿ. ಆ ಸ್ಕ್ಯಾನ್ ಕೊಡುವ ಅಂಕಿ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಎನ್ನುತ್ತಾರೆ. ಅಂಥವರು ಬೆನ್ನು ಗೂನಾಗಿಸಿ ಮುಂದಕ್ಕೆ ಬಗ್ಗುವ ವ್ಯಾಯಾಮ, ಮಲಗಿ ಏಳುವ ಹೊಟ್ಟೆಯ ವ್ಯಾಯಾಮ, ಜೋರಾಗಿ ತಿರುಚುವ ಭಂಗಿಗಳನ್ನು ಬಿಡಬೇಕು. ಯೋಗ ತರಗತಿಗೆ ಹೋಗುವವರು ಇದನ್ನು ಶಿಕ್ಷಕರಿಗೆ ಮೊದಲೇ ಹೇಳಿ.

ಸಮತೋಲನಕ್ಕೆ ಬೇರೆ ಸಮಯ ಎತ್ತಿಡಬೇಕಿಲ್ಲ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ, ಒಂದು ಕೈ ಬೇಸಿನ್ ಮೇಲಿರಲಿ. 65 ದಾಟಿದವರು ವಾರಕ್ಕೆ 3 ದಿನವಾದರೂ ಇಂಥದ್ದನ್ನು ಮಾಡಬೇಕು.

ಇನ್ನೊಂದನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಇಲ್ಲ. ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ಸೋರುವುದು. ಇದೇ ಕಾರಣಕ್ಕೆ ಎಷ್ಟೋ ಹೆಂಗಸರು ವ್ಯಾಯಾಮ ಬಿಟ್ಟಿರುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಚಿಕಿತ್ಸೆಯೂ ಇದೆ. ಮೂತ್ರ ಮತ್ತು ಗಾಳಿ ಎರಡನ್ನೂ ತಡೆಯುವವರ ಹಾಗೆ ಒಳಸ್ನಾಯುವನ್ನು ಮೇಲಕ್ಕೆ ಎಳೆದು 5 ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಹೀಗೆ 8ರಿಂದ 10 ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಾಗಬಾರದು. ಮೂರು ತಿಂಗಳು ಬಿಡದೆ ಮಾಡಿದರೂ ಸುಧಾರಿಸದಿದ್ದರೆ, ಕೆಳಗೆ ಏನೋ ಜಾರಿದಂತೆ ಅನ್ನಿಸಿದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಹಂತ 8: ನಿದ್ದೆ

ನಿದ್ದೆಗೆಟ್ಟ ಮರುದಿನ ಸಿಹಿ, ಕರಿದದ್ದು ಬೇಕೆನಿಸುತ್ತದೆ, ವ್ಯಾಯಾಮ ಬೇಡವೆನಿಸುತ್ತದೆ. ಕೋಣೆ ತಂಪಾಗಿರಲಿ, ಮಧ್ಯಾಹ್ನದ ನಂತರ ಕಾಫಿ ಬೇಡ, ಏಳುವ ಹೊತ್ತು ದಿನವೂ ಒಂದೇ ಇರಲಿ. ಮೈ ಬಿಸಿಯೇರಿ ರಾತ್ರಿ ಹಲವು ಸಲ ಎಚ್ಚರವಾಗುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ, ಅದಕ್ಕೆ ಔಷಧಿ ಇದೆ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ಅದನ್ನೂ ಹೇಳಿ. ಮುಟ್ಟು ನಿಂತ ಮೇಲೆ ಉಸಿರುಕಟ್ಟುವ ನಿದ್ದೆಯ ತೊಂದರೆ ಹೆಂಗಸರಲ್ಲೂ ಹೆಚ್ಚುತ್ತದೆ.

ಒಂದು ವಾರ ಹೇಗಿರಬಹುದು

ಸೋಮವಾರ, ಗುರುವಾರ ಭಾರ ಎತ್ತುವುದು, ತಲಾ 30ರಿಂದ 40 ನಿಮಿಷ. ಮಂಗಳವಾರ, ಬುಧವಾರ, ಶುಕ್ರವಾರ, ಶನಿವಾರ ಚುರುಕು ನಡಿಗೆ, ಅಥವಾ ಈಜು, ಸೈಕಲ್, ನೃತ್ಯ. ಭಾನುವಾರ ಬಿಡುವು. ಮೂರು ತಿಂಗಳು ಕಳೆದ ಮೇಲೆ ಶನಿವಾರವನ್ನೂ ಭಾರಕ್ಕೆ ಕೊಡಬಹುದು. 40 ನಿಮಿಷ ಸಿಗದ ದಿನ ಹತ್ತೇ ನಿಮಿಷ ಮಾಡಿ: ಕುರ್ಚಿ, ಗೋಡೆ, ಎಳೆತ, ಇಷ್ಟು ಸಾಕು. ಆ ಹೊತ್ತನ್ನು ಮನೆಯವರಿಗೆ ಮೊದಲೇ ಹೇಳಿಟ್ಟುಬಿಡಿ. ‘ಎಲ್ಲರ ಕೆಲಸ ಮುಗಿದ ಮೇಲೆ’ ಎಂದುಕೊಂಡರೆ ಆ ಹೊತ್ತು ಬರುವುದೇ ಇಲ್ಲ.

ನಡುವೆ ನಿಂತುಹೋದರೆ

ನಿಲ್ಲುತ್ತದೆ. ಜ್ವರ, ಪ್ರಯಾಣ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರುವುದು, ಏನಾದರೂ ಇದ್ದೇ ಇರುತ್ತದೆ. ವಯಸ್ಸಾದಂತೆ ಹಾಸಿಗೆ ಹಿಡಿಯುವುದರ ಬೆಲೆ ಮಾತ್ರ ಜಾಸ್ತಿ. ಸರಾಸರಿ 67ರ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ 2007ರ ಅಧ್ಯಯನದಲ್ಲಿ ಅವರ ಕಾಲುಗಳಿಂದಲೇ ಸುಮಾರು ಒಂದು ಕೆಜಿಯಷ್ಟು ಕೊಬ್ಬಲ್ಲದ ಭಾಗ ಹೋಗಿತ್ತು. ಅದಕ್ಕೆ ಕಾಯಿಲೆಯಲ್ಲಿದ್ದಾಗಲೂ ಡಾಕ್ಟರು ಬೇಡ ಎನ್ನದಿದ್ದರೆ ಗಂಟೆಗೊಮ್ಮೆ ಎದ್ದು ಕೂತು, ನಾಲ್ಕು ಹೆಜ್ಜೆ ಓಡಾಡಿ. ಹಸಿವಿಲ್ಲದಿದ್ದರೂ ಹಾಲು, ಮೊಸರು, ಮೊಟ್ಟೆ ಹೀಗೆ ಏನಾದರೂ ಪ್ರೋಟೀನ್ ಹೋಗಲಿ.

ವಾಪಸ್ ಬಂದ ದಿನ ಹಳೆಯ ಭಾರ ಎತ್ತಲು ಹೋಗಬೇಡಿ. ಅರ್ಧ ಭಾರ, ಒಂದೇ ಸುತ್ತು. ಮರುದಿನ ಮೈಕೈ ಹೇಗಿದೆ ನೋಡಿ ಮುಂದುವರಿಸಿ. ಒಮ್ಮೆ ಕಟ್ಟಿದ ಶಕ್ತಿ ಎರಡನೇ ಸಲ ಬೇಗ ಬರುತ್ತದೆ. ಎರಡು ವಾರ ಬಿಟ್ಟವರು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ನೋಟ್‌ಬುಕ್‌ನ ಹಳೆಯ ಅಂಕಿಗೆ ಬಂದಿರುತ್ತಾರೆ. ಬರದಿದ್ದರೆ ಇನ್ನೊಂದು ವಾರ ಅದೇ ಭಾರದಲ್ಲಿ ಇರಿ, ಆಮೇಲೆ ಏರಿಸಿ.